ಮಾವಿನ ಮರದ ತಲೆ ಕಡಿಸಿದ ಮೇಲೆ

ನಿಮ್ಮ ಅಂಗಳದಲ್ಲಿ ದೊಡ್ಡ ಮರವಿದ್ದರೆ ಮಳೆಗಾಲಕ್ಕೆ ಮುಂಚೆ ಯಾರಾದರೊಬ್ಬರು ಬಂದು, "ತಲೆ ಕಡಿಸಿಬಿಡಿ, ಗಾಳಿಗೆ ಬಿದ್ದೀತು" ಎಂದು ಹೇಳದೆ ಇರುವುದಿಲ್ಲ. ನನಗೂ ಹೇಳಿದರು. ನಾನು ಕೇಳಿಯೂಬಿಟ್ಟೆ.

ಆಗ ನನ್ನ ಪತಿ ಸೌದಿಯಲ್ಲಿದ್ದರು. ಮನೆಯಲ್ಲಿ ನಾನು, ಅತ್ತೆ ಮತ್ತು ಚಿಕ್ಕ ಮಗಳು. ಅಡುಗೆ ಕೋಣೆಯ ಹಿಂದೆ ಮಾವನವರು ನೆಟ್ಟ ಮಾವಿನ ಮರ. ರಾತ್ರಿ ಗಾಳಿ ಬೀಸಿದರೆ ನನಗೆ ನಿದ್ದೆ ಬರುತ್ತಿರಲಿಲ್ಲ. "ಒಣಗಿದ ಕೊಂಬೆ ತೆಗೆಸಿದರೆ ಸಾಕು ಮಗಳೇ" ಎಂದರು ಅತ್ತೆ. ನಾನು ಸೌದೆ ಕಡಿಯುವವನೊಬ್ಬನನ್ನು ಕರೆಸಿ ಮರವನ್ನು ಅರ್ಧಕ್ಕೇ ಬೋಳಿಸಿಬಿಟ್ಟೆ. ಅಂದು ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಕೆಲವೇ ತಿಂಗಳಲ್ಲಿ ಕಡಿದ ಜಾಗದ ಸುತ್ತ ಹತ್ತಾರು ಚಿಗುರುಗಳು ನೆಟ್ಟಗೆ ಎದ್ದವು. ಮರ ಚೇತರಿಸಿಕೊಂಡಿತೆಂದು ಖುಷಿಪಟ್ಟೆ. ಎಲೆಯನ್ನೆಲ್ಲ ಕಳಕೊಂಡ ಮರ ಹಸಿವಿನಿಂದ ಗಡಿಬಿಡಿಯಲ್ಲಿ ಹೊರಡಿಸುವ ಚಿಗುರುಗಳವು ಎಂದು ಆಮೇಲೆ ತಿಳಿಯಿತು. ಸಹಜ ಕೊಂಬೆಯ ಬುಡ ಕಾಂಡದ ಒಳಗಿನವರೆಗೂ ಬೆಸೆದುಕೊಂಡಿರುತ್ತದೆ. ಈ ಚಿಗುರುಗಳದ್ದು ಹೊರಪದರದ ಹಿಡಿತ ಮಾತ್ರ. ಅದರ ಮೇಲೆ ಸಮತಟ್ಟಾಗಿ ಕಡಿದ ಕಾಂಡದಲ್ಲಿ ಮಳೆನೀರು ನಿಂತು ಒಳಗೆ ಕೊಳೆಯತೊಡಗಿತ್ತು.

ಮೂರನೆಯ ಮಳೆಗಾಲದಲ್ಲಿ ಒಂದು ಸಂಜೆ, ತೋಳಿನಷ್ಟು ದಪ್ಪಗಾಗಿದ್ದ ಅಂಥದೊಂದು ಚಿಗುರು ಕಿತ್ತುಬಂದು ಅಡುಗೆ ಕೋಣೆಯ ಹೆಂಚಿನ ಮೇಲೆ ಬಿತ್ತು. ಅತ್ತೆ ಆಗಷ್ಟೇ ಅಸರ್ ನಮಾಝ್‌ಗೆಂದು ಒಲೆಯ ಮುಂದಿನಿಂದ ಎದ್ದು ಹೋಗಿದ್ದರು. ಅವರು ಕೂರುವ ಮಣೆಯ ಮೇಲೆ ಹೆಂಚಿನ ಚೂರುಗಳು ಬಿದ್ದಿದ್ದವು. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಟೊಳ್ಳಾದ ಆ ಮರವನ್ನು ತೆಗೆಸದೆ ಬೇರೆ ದಾರಿಯಿರಲಿಲ್ಲ. ಈ ಬಾರಿ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದೆವು. ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ರಬ್ಬರ್‌ನಂಥ ಕೆಲವು ಮರಗಳಿಗೆ ವಿನಾಯಿತಿ. ಉಳಿದವನ್ನು ಸ್ವಂತ ಜಾಗದಲ್ಲಿದ್ದರೂ ಕಡಿಯಲು ಅನುಮತಿ ಬೇಕು. ದೊಡ್ಡ ಕೊಂಬೆಗಳನ್ನು ತೆಗೆಸುವ ಮುಂಚೆಯೂ ಕೇಳಿಬಿಡಿ. ಮೊದಲ ಸಲ ನಾನು ಕೇಳಿರಲಿಲ್ಲ.

ಅನುಭವಸ್ಥರೊಬ್ಬರು ಬಂದು ಹಗ್ಗ ಕಟ್ಟಿ, ಮೇಲಿನಿಂದ ತುಂಡು ತುಂಡಾಗಿ ಇಳಿಸಿದರು. ಮನೆಯ ಮುಂದಿನ ಹಲಸಿನ ಮರದ ಒಂದು ಕೊಂಬೆಯೂ ಮಾಡಿಗೆ ತಾಗುತ್ತಿತ್ತು. ಅದನ್ನವರು ಕಡಿದ ರೀತಿ ನೋಡಿ. ಕಾಂಡದಿಂದ ಒಂದಡಿ ಆಚೆ, ಮೊದಲು ಕೊಂಬೆಯ ಅಡಿಭಾಗದಿಂದ ಸ್ವಲ್ಪ ಗರಗಸ ಹಾಕಿದರು. ಬಳಿಕ ಇನ್ನೂ ಆಚೆಯಿಂದ ಮೇಲ್ಭಾಗದಲ್ಲಿ ಕೊಯ್ದರು. ಕೊಂಬೆ ತೊಗಟೆ ಸಿಗಿಯದೆ ಕಳಚಿತು. ಉಳಿದ ಮೋಟನ್ನು ಕೊನೆಗೆ ತೆಗೆದರು. ಕೊಂಬೆಯ ಬುಡದಲ್ಲಿ ಉಂಗುರದಂತೆ ಉಬ್ಬಿದ ಭಾಗವಿರುತ್ತದಲ್ಲ, ಅದನ್ನು ಮುಟ್ಟಲಿಲ್ಲ. ಗಾಯ ಮುಚ್ಚುವ ಹೊಸ ತೊಗಟೆ ಬೆಳೆಯುವುದು ಅಲ್ಲಿಂದಲೇ. "ಟಾರು ಹಚ್ಚಬೇಕೇ ಅಣ್ಣಾ?" ಎಂದೆ. "ಬೇಡ ಅಕ್ಕಾ, ಒಳಗೆ ತೇವ ಉಳಿದು ಕೊಳೆಯುತ್ತದೆ" ಎಂದರು. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಹೇಳಿದ್ದೂ ಇದನ್ನೇ. ಕೊಳೆತ ಭಾಗವನ್ನು ಮರ ತಾನೇ ಗೋಡೆ ಕಟ್ಟಿ ಪ್ರತ್ಯೇಕಿಸುತ್ತದೆ. ಬಣ್ಣ, ಟಾರುಗಳಿಂದ ಅದಕ್ಕೆ ಉಪಕಾರವಿಲ್ಲ.

ಹೊರಡುವ ಮುಂಚೆ ಅವರು ಇನ್ನೊಂದು ಮಾತು ಹೇಳಿದರು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ ಹಲಸಿನ ಬುಡದ ಸುತ್ತ ಮಣ್ಣು ಬಿಡಬೇಕಂತೆ. ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಮೂರು ಅಡಿಯಲ್ಲೇ ಹರಡಿರುತ್ತವೆ. ಆವರಣ ಗೋಡೆಯ ಪಾಯಕ್ಕೆಂದು ಅವನ್ನು ಕಡಿದರೆ ಗಟ್ಟಿ ಮರವೂ ಗಾಳಿಗೆ ಮಗುಚುತ್ತದೆ.

ಹಲಸಿನ ಗಾಯದ ಸುತ್ತ ಈಗ ತೊಗಟೆ ಬಳೆಯಂತೆ ಬೆಳೆದಿದೆ, ನಡುವೆ ಇನ್ನೂ ಸ್ವಲ್ಪ ಮುಚ್ಚಲಿಕ್ಕಿದೆ. ಮಾವಿದ್ದಲ್ಲಿ ಅತ್ತೆ ಒಂದು ಗಿಡ ನೆಡಿಸಿದ್ದಾರೆ, ಅಡುಗೆ ಕೋಣೆಯಿಂದ ಸಾಕಷ್ಟು ದೂರ ಸರಿಸಿ.