ಅಮ್ಮಿಯ ದನಿ ಮತ್ತು ಒಂದು ಕೇಬಲ್

ಅಮ್ಮಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನನ್ನ ಆಂಡ್ರಾಯ್ಡ್ ಫೋನು ಕೈಜಾರಿ ಬಿದ್ದು, ಪರದೆಯ ಕೆಳಗಿನ ಅರ್ಧ ಸತ್ತುಹೋಯಿತು. ಅದರೊಳಗೆ ಅಮ್ಮಿ ಹೇಳಿದ 39 ಕತೆಗಳಿದ್ದವು. ತವರೂರು ಹಾನಗಲ್ಲಿನಲ್ಲಿ ಕೇಳಿದ ಕತೆಗಳನ್ನು ಅವಳು ಸವಣೂರಿನ ನಮ್ಮ ಪಡಸಾಲೆಯಲ್ಲಿ ಕೂತು, ಊರಿನ ವೀಳ್ಯದೆಲೆ ಮಡಚುತ್ತ ಹೇಳುತ್ತಿದ್ದಳು. ಉರ್ದುವಿನಲ್ಲಿ ಶುರುವಾದ ಮಾತು ಕನ್ನಡದಲ್ಲಿ ಮುಗಿಯುತ್ತಿತ್ತು. ಕತೆಗಾರನೆನಿಸಿಕೊಂಡ ನಾನು ಒಂದನ್ನೂ ಬರೆದಿಟ್ಟಿರಲಿಲ್ಲ. ರೆಕಾರ್ಡ್ ಇದೆಯಲ್ಲ ಎಂಬ ಧೈರ್ಯ.

ಮನೆಯಲ್ಲಿದ್ದದ್ದು ತಮ್ಮನ ಮಗಳು ಬೆಂಗಳೂರಿನಿಂದ ತಂದುಕೊಟ್ಟ ಆಪಲ್ ಕಂಪ್ಯೂಟರ್. ಕೇಬಲ್ ಸಿಕ್ಕಿಸಿದೆ. ಫೋನು ಚಾರ್ಜ್ ಆಯಿತು, ಅಷ್ಟೆ. ಮೂರು ಕೇಬಲ್ ಬದಲಿಸಿದೆ. ಹಿರೇಕೆರೂರಿನ ಖಾಲಾ ನನ್ನ ಹೆಂಡತಿಯ ಫೋನಿಗೆ ಕರೆ ಮಾಡಿ, “ಆಪಾ ಕಿ ಆವಾಜ್ ಮಿಲೀ ಕ್ಯಾ?” ಎಂದು ಕೇಳಿದಾಗ ಸಿಕ್ಕಿದೆ ಎಂದು ಸುಳ್ಳು ಹೇಳಿದೆ.

ಶಿಗ್ಗಾಂವಿಯ ಡಿಟಿಪಿ ಅಂಗಡಿಯ ಹುಡುಗ ನೋಡಿದವನೇ, “ಕೇಬಲ್ಲಿಂದೇನೂ ತಪ್ಪಿಲ್ರೀ ಸರ, ಇವೆರಡರ ಭಾಷಾನ ಬ್ಯಾರೆ” ಎಂದ. ಆಂಡ್ರಾಯ್ಡ್ ಫೋನು ಕೇಬಲ್ ಮೂಲಕ ಕಡತ ಕೊಡುವುದು ಎಂಟಿಪಿ ಎಂಬ ಪದ್ಧತಿಯಲ್ಲಿ. ವಿಂಡೋಸ್‌ಗೆ ಅದು ಗೊತ್ತು. ಆಪಲ್ ಕಂಪ್ಯೂಟರ್‌ಗೆ ತಾನಾಗಿ ಗೊತ್ತಿಲ್ಲ, ಬೇರೆ ತಂತ್ರಾಂಶ ಹಾಕಿ ಕಲಿಸಬೇಕು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ಮೊದಲ ದಿನ ನಾನು ಪಾಟಿಯ ಬಲಗಡೆಯಿಂದ ಬರೆಯಲು ಹೋಗಿ ಬೈಸಿಕೊಂಡಿದ್ದೆ. ಆದರೆ ನನಗೆ ಒಂದು ವಾರದಲ್ಲಿ ಬಂತು. ಇಷ್ಟು ದೊಡ್ಡ ಕಂಪನಿಗಳಿಗೆ ಬಾರದೇ? 2011ರಲ್ಲಿ ಆಪಲ್ ಏರ್‌ಡ್ರಾಪ್ ತಂದಾಗ ತನ್ನ ಯಂತ್ರಗಳ ನಡುವೆ ತಂತಿಯೂ ಬೇಕಾಗಲಿಲ್ಲ. ಬಾರದ್ದಲ್ಲ ಅದು, ಬೇಡವಾದದ್ದು.

ಹುಡುಗನ ಹತ್ತಿರ ವಿಂಡೋಸ್ ಕಂಪ್ಯೂಟರ್ ಇತ್ತು. ತೊಡಕೆಂದರೆ, ಬೀಗ ತೆರೆಯದ ಫೋನು ಯಾವ ಕಂಪ್ಯೂಟರಿಗೂ ಕಡತ ತೋರಿಸುವುದಿಲ್ಲ. ನನ್ನ ಫೋನಿನಲ್ಲಿ ಪಿನ್ ಒತ್ತುವ ಜಾಗವೇ ಸತ್ತಿತ್ತು. ಅವನು ಓಟಿಜಿ ಎಂಬ ಬೆರಳುದ್ದದ ಜೋಡಣೆಯಿಂದ ಫೋನಿಗೆ ಮೌಸ್ ಸಿಕ್ಕಿಸಿದ. ಪರದೆಯ ಮೇಲೆ ಬಾಣ ಮೂಡಿತು. ಅದರಿಂದಲೇ ಅಂಕಿ ಒತ್ತಿ ಬೀಗ ತೆಗೆದು, ಮೌಸ್ ಕಿತ್ತು, ಪರದೆ ಆರುವ ಮೊದಲೇ ಕೇಬಲ್ ಹಾಕಿದ. ಮೇಲಿನ ಅರ್ಧ ಇನ್ನೂ ಜೀವಂತವಿತ್ತಲ್ಲ, ಅಲ್ಲಿಂದ ಸೂಚನೆಗಳನ್ನು ಕೆಳಕ್ಕೆಳೆದು ‘ಫೈಲ್ ಟ್ರಾನ್ಸ್‌ಫರ್’ ಮುಟ್ಟಿದ. 39 ಕಡತಗಳೂ ಬಂದವು. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿ ತುಂಬಿಕೊಟ್ಟ. ಅದನ್ನು ಎರಡೂ ಕಡೆಯವು ಓದುತ್ತವೆ, ಬರೆಯುತ್ತವೆ. ಐವತ್ತು ರೂಪಾಯಿ ಕೇಳಿದ. ನಾನು ನೂರು ಕೊಟ್ಟರೆ ಚಿಲ್ಲರೆ ಎಣಿಸಿ ವಾಪಸು ಕೊಟ್ಟ.

ಮನೆಗೆ ಬಂದು ಆಪಲ್ಲಿಗೆ ಪೆನ್‌ಡ್ರೈವ್ ಹಾಕಿದೆ. ಕಡತಗಳಿಗೆ ಹೆಸರಿಲ್ಲ, ಬರೀ ತಾರೀಖು, ಗಂಟೆ. ಯಾವುದರಲ್ಲಿ ಯಾವ ಕತೆ ಎಂದು ಕೇಳಿಯೇ ತಿಳಿಯಬೇಕು. ಕೈಗೆ ಸಿಕ್ಕಿದ್ದನ್ನು ತೆರೆದೆ. ಕತೆ ನಡುವೆಯೇ ನಿಂತು ಅಮ್ಮಿ ಗದರುತ್ತಿದ್ದಳು: “ಅರೆ, ವೊ ಮೊಬೈಲ್ ರಖ್ ರೇ, ಮೊದಲ ಕತಿ ಕೇಳು.” ಹಲಗೆಯ ಮೇಲೆ ಫೋನು ಇಟ್ಟ ಸದ್ದು. ಆಮೇಲೆ ಮತ್ತೆ ಕತೆ.

ಹಿರೇಕೆರೂರಿಗೆ ಮೊದಲು ಅದನ್ನೇ ಕಳಿಸಿದೆ.