ಗೋಪುರವಿಲ್ಲದ ಕಲ್ಲಿನ ಚರ್ಚು



ಪ್ರಾಚೀನ ಕಟ್ಟಡವೊಂದರ ಮುಂದೆ ನಿಂತಾಗ ನಾವು ಕೇಳುವ ಮೊದಲ ಪ್ರಶ್ನೆ 'ಇದನ್ನು ಕಟ್ಟಿಸಿದವರು ಯಾರು?' ಎಂಬುದು. 'ಕಟ್ಟಿದವರು ಯಾರು?' ಎಂದು ಕೇಳುವವರು ವಿರಳ. ಒಂಬತ್ತನೆಯ ತರಗತಿಯಲ್ಲಿ ಪ್ರೇರಣಾರ್ಥಕ ಕ್ರಿಯಾಪದಗಳನ್ನು ಬೋಧಿಸುವಾಗ 'ಇಸು' ಪ್ರತ್ಯಯಕ್ಕೆ ನಾನು ಕೊಡುತ್ತಿದ್ದ ಉದಾಹರಣೆ ಇದೇ ಆಗಿತ್ತೆಂಬುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಈ ಒಂದು ಪ್ರತ್ಯಯದಲ್ಲಿ ಎಷ್ಟು ಇತಿಹಾಸ ಅಡಗಿದೆಯೆಂಬುದನ್ನು ಅಮೆರಿಕದ ಬೋಸ್ಟನ್ ನಗರದ ಒಂದು ಚರ್ಚಿನ ಮೂಲಕ ಹೇಳಬಯಸುತ್ತೇನೆ. 2019ರಲ್ಲಿ ಮಗಳ ಮನೆಗೆ ಹೋಗಿದ್ದಾಗ ಅದನ್ನು ನೋಡುವ ಅವಕಾಶ ಒದಗಿತ್ತು.

ಅದರ ಹೆಸರು ಕಿಂಗ್ಸ್ ಚಾಪೆಲ್. 1686ರಲ್ಲಿ ಸ್ಥಾಪಿತವಾದ ಈ ಸಭೆ ಇಂಗ್ಲೆಂಡಿನ ರಾಜಮನೆತನದ ಆಂಗ್ಲಿಕನ್ ಪಂಥಕ್ಕೆ ಸೇರಿತ್ತು. ಬೋಸ್ಟನ್ನಿನ ಪ್ಯೂರಿಟನ್ನರಾದರೋ ಆ ಪಂಥದೊಡನೆ ಮುನಿದು ಸಮುದ್ರ ದಾಟಿ ಬಂದವರ ಸಂತತಿ. ಆದುದರಿಂದ ಇದಕ್ಕೆ ನಿವೇಶನ ಮಾರಲು ಯಾರೂ ಮುಂದಾಗಲಿಲ್ಲ. ಕೊನೆಗೆ ಗವರ್ನರರು ಊರಿನ ಸ್ಮಶಾನದ ಒಂದು ಮೂಲೆಯನ್ನು ವಶಪಡಿಸಿಕೊಂಡು ಅಲ್ಲಿ ಮರದ ಚರ್ಚೊಂದನ್ನು ಕಟ್ಟಿಸಿದರು.

ಈಗಿರುವ ಗ್ರಾನೈಟ್ ಕಟ್ಟಡಕ್ಕೆ 1749ರಲ್ಲಿ ಶಂಕುಸ್ಥಾಪನೆಯಾಯಿತು. 1754ರಲ್ಲಿ ಅದು ಬಳಕೆಗೆ ಬಂದಿತು. ನಕ್ಷೆ ರಚಿಸಿದವರು ನ್ಯೂಪೋರ್ಟಿನ ಪೀಟರ್ ಹ್ಯಾರಿಸನ್. ಕಟ್ಟಿದ ಕ್ರಮ ಸ್ವಾರಸ್ಯಕರವಾದುದು. ಮರದ ಚರ್ಚನ್ನು ಕೆಡವದೆ, ಅದರ ಸುತ್ತಲೂ ಕಲ್ಲಿನ ಗೋಡೆಗಳನ್ನು ಎಬ್ಬಿಸಲಾಯಿತು. ಒಳಗೆ ಪ್ರಾರ್ಥನೆ ನಡೆಯುತ್ತಿರುವಾಗಲೇ ಹೊರಗೆ ಗೋಡೆ ಏರುತ್ತಿತ್ತು. ಕೆಲಸ ಮುಗಿಯುತ್ತ ಬಂದಾಗ ಹಳೆಯ ಚರ್ಚನ್ನು ಬಿಚ್ಚಿ, ಮರಮುಟ್ಟುಗಳನ್ನು ಹೊಸ ಕಟ್ಟಡದ ಕಿಟಕಿಗಳಿಂದ ಹೊರಕ್ಕೆ ಸಾಗಿಸಿದರು. ಆ ಮರ ಹಡಗೇರಿ, ಕೆನಡಾದ ಲೂನೆನ್‌ಬರ್ಗಿನಲ್ಲಿ ಇನ್ನೊಂದು ಚರ್ಚಿಗೆ ಒದಗಿತು.

ಕಲ್ಲಿನ ಗೋಡೆ ಎದ್ದಿತಾದರೂ ಹಣ ಸಾಲಲಿಲ್ಲ. ಹ್ಯಾರಿಸನ್ ಯೋಚಿಸಿದ್ದ ಎತ್ತರದ ಶಿಖರ ಇಂದಿಗೂ ಏರಿಲ್ಲ. ಮೊಟಕು ಗೋಪುರ ಮಾತ್ರ ನಿಂತಿದೆ. ಮುಂಭಾಗದ ಕಂಬಸಾಲು ಪೂರ್ಣಗೊಳ್ಳಲು ಇನ್ನೂ ಮೂರು ದಶಕಗಳು ಬೇಕಾದವು. ನೋಟಕ್ಕೆ ಕಲ್ಲಿನಂತಿರುವ ಆ ಕಂಬಗಳು ವಾಸ್ತವವಾಗಿ ಮರದವು, ಕಲ್ಲಿನ ಬಣ್ಣ ಬಳಿದವು! 1776ರಲ್ಲಿ ಬ್ರಿಟಿಷ್ ಸೈನ್ಯ ಬೋಸ್ಟನ್ ತೊರೆದಾಗ ಪಾದ್ರಿಗಳೂ ಹೊರಟುಹೋದರು. ಉಳಿದ ಸಭಿಕರು 1785ರಲ್ಲಿ ಪ್ರಾರ್ಥನಾ ಪುಸ್ತಕವನ್ನೇ ಪರಿಷ್ಕರಿಸಿ ಏಕದೇವತ್ವದ ಯೂನಿಟೇರಿಯನ್ ಮಾರ್ಗ ಹಿಡಿದರು. 1814ರಲ್ಲಿ ಒಡೆದ ಘಂಟೆಯನ್ನು 1816ರಲ್ಲಿ ಪುನಃ ಎರಕ ಹೊಯ್ದದ್ದು ಪಾಲ್ ರೆವಿಯರ್ ಅವರ ಕಾರ್ಖಾನೆ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆ ಕಲ್ಲು. ಅಂದು ಅಲ್ಲಿ ಗಣಿ ತೋಡುವ ವಿದ್ಯೆ ಬೆಳೆದಿರಲಿಲ್ಲ. ಸಮೀಪದ ಕ್ವಿನ್ಸಿ ಪ್ರದೇಶದ ನೆಲದ ಮೇಲೆ ಬಿದ್ದಿದ್ದ ಗುಂಡುಬಂಡೆಗಳನ್ನು ಬೆಂಕಿಯಿಂದ ಕಾಯಿಸಿ, ಭಾರವಾದ ಕಬ್ಬಿಣದ ಗುಂಡನ್ನು ಅವುಗಳ ಮೇಲೆ ಬೀಳಿಸಿ ಸೀಳುತ್ತಿದ್ದರಂತೆ. ಇದನ್ನು ತಿಳಿದಾಗ ನನಗೆ ನಮ್ಮ ತಂದೆಯವರು ನೆನಪಾದರು.

ನಮ್ಮ ತಂದೆಯವರು ಕಲ್ಲು ಕೆಲಸದವರೆಂಬುದು ಬಂಧುಗಳಿಗೆ ತಿಳಿದ ವಿಷಯ. ಬೆಂಗಳೂರಿನ ಸುತ್ತಮುತ್ತಲೂ ಬಂಡೆಯನ್ನು ಬೆಂಕಿಯಿಂದಲೇ ಎಬ್ಬಿಸುವ ಪದ್ಧತಿಯಿತ್ತು. ಹಾಸುಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ ಹೋಗುವರು. ಕಾದ ಮೇಲ್ಪದರ ಹಿಗ್ಗಿ ತಳಬಂಡೆಯಿಂದ ಬಿಡಿಸಿಕೊಳ್ಳುವುದು. ಸುತ್ತಿಗೆಯಿಂದ ತಟ್ಟಿ, ಟೊಳ್ಳು ದನಿ ಬಂದೆಡೆ ಕಲ್ಲು ಬಿಟ್ಟಿದೆಯೆಂದು ತಿಳಿಯುವರು. ಓದುಬರಹ ಬಾರದ ತಂದೆಯವರು ಕಿವಿಯಿಂದಲೇ ಕಲ್ಲನ್ನು ಓದುತ್ತಿದ್ದರು. ನಾನು ಕಲಿತ ಶಾಲೆಯ ಮಾಳಿಗೆಯ ಚಪ್ಪಡಿಗಳು ಅವರು ಎಬ್ಬಿಸಿದವು. ಆ ಶಾಲೆಯ ಗೋಡೆಯಲ್ಲಿ ಶಂಕುಸ್ಥಾಪನೆ ಮಾಡಿದವರ, ದಾನವಿತ್ತವರ ಹೆಸರುಗಳಿದ್ದವು. ಅಕ್ಷರ ಕಲಿತ ಹೊಸತರಲ್ಲಿ ನಾನು ಆ ಫಲಕದಲ್ಲಿ ತಂದೆಯ ಹೆಸರನ್ನು ಹುಡುಕಿದ್ದುಂಟು. ಮನೆಗೆ ಬಂದು ಕೇಳಿದಾಗ ಅವರು, "ನಮ್ಮ ಹೆಸರ್ಯಾಕಪ್ಪಾ, ಮಾಳಿಗೆ ಸೋರದಿದ್ರೆ ಸಾಕು" ಎಂದು ನಕ್ಕುಬಿಟ್ಟರು. ಅವರು ನಕ್ಕರು, ನನಗೆ ಆ ಸಂಕಟ ಇಂದಿಗೂ ಹೋಗಿಲ್ಲ.

ಕಿಂಗ್ಸ್ ಚಾಪೆಲ್‌ನಲ್ಲಿ ಗವರ್ನರರ ಆಸನವಿತ್ತು, ವರ್ತಕರ ಸ್ಮಾರಕ ಫಲಕಗಳಿವೆ. ಆ ಸಭಿಕರಲ್ಲಿ ಅನೇಕರ ಸಂಪತ್ತು ಗುಲಾಮರ ದುಡಿಮೆಯಿಂದ ಬಂದದ್ದು. ಇತ್ತೀಚಿನ ವರ್ಷಗಳಲ್ಲಿ ಸಭೆಯವರೇ ತಮ್ಮ ಹಳೆಯ ದಾಖಲೆಗಳನ್ನು ಶೋಧಿಸಿ, ಪಾದ್ರಿಗಳೂ ಸಭಿಕರೂ ಗುಲಾಮರಾಗಿ ಇರಿಸಿಕೊಂಡಿದ್ದ ಕನಿಷ್ಠ 219 ಜನರನ್ನು ಗುರುತಿಸಿದರು. 2025ರಲ್ಲಿ ಅವರ ನೆನಪಿಗೆ ಚರ್ಚಿನ ಆವರಣದಲ್ಲಿ ಕಂಚಿನ ಪ್ರತಿಮೆಯೊಂದನ್ನು ನಿಲ್ಲಿಸಿದರು: ಪಂಜರದ ಹಕ್ಕಿಗಳನ್ನು ಹಾರಿಬಿಡುತ್ತಿರುವ ಸ್ತ್ರೀ. ಕಲಾವಿದೆ ಹಾರ್ಮೋನಿಯಾ ರೊಸಾಲೆಸ್. ಮಗಳು ಕಳುಹಿಸಿದ ಚಿತ್ರವನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತೆ. ಶಿಖರಕ್ಕೆ ಹಣ ಹೊಂದಿಸಲಾಗದ ಸಭೆ ಇನ್ನೂರೆಪ್ಪತ್ತು ವರ್ಷಗಳ ಅನಂತರ ಇದನ್ನು ಮಾಡಿತಲ್ಲವೆ?

ನಿಮ್ಮಲ್ಲಿ ಅನೇಕರು ಇಂದು ಎಂಜಿನಿಯರುಗಳು, ಗುತ್ತಿಗೆದಾರರು. ಕೆಲವರು ಶಾಲೆಗಳನ್ನೂ ದೇವಾಲಯಗಳನ್ನೂ ಕಟ್ಟಿಸುತ್ತಿದ್ದೀರಿ. ಫಲಕ ಬರೆಸುವಾಗ ದಾನಿಗಳ ಹೆಸರಿನ ಕೆಳಗೆ ಎರಡು ಸಾಲು ಜಾಗ ಬಿಡಿ. ಮೇಸ್ತ್ರಿಯನ್ನು ಕರೆದು, ಕೆಲಸ ಮಾಡಿದವರ ಹೆಸರುಗಳನ್ನು ಕೇಳಿ ಬರೆಸಿ. ಅದಕ್ಕೆ ತಗಲುವ ಖರ್ಚು ಬಹಳವಲ್ಲ.