ಆಲೆಮನೆಯ ಪಾಠ

ಶಕ್ತಿ ಕುಂದುವುದಕ್ಕೆ ಮೊದಲೇ ಎಚ್ಚರ ಕುಂದುವುದೆಂಬುದನ್ನು ನಾನು ಕಲಿತದ್ದು ಮಂಡ್ಯದ ಕಡೆಯ ಒಂದು ಆಲೆಮನೆಯಲ್ಲಿ. ಮುಂಜಾನೆಯಿಂದ ಗಾಣಕ್ಕೆ ಕಬ್ಬು ಕೊಡುತ್ತಿದ್ದೆನು. ಇಳಿಹೊತ್ತಿನಲ್ಲಿಯೂ ತೋಳು ಸೋತಿರಲಿಲ್ಲ. ಆದರೆ ಕಣ್ಣು ಕಂಡುದನ್ನು ಮನಸ್ಸು ಗ್ರಹಿಸುತ್ತಿರಲಿಲ್ಲ. ಕಬ್ಬಿನೊಡನೆ ನನ್ನ ಬೆರಳುಗಳೂ ಉರುಳೆಗಳ ಕಡೆಗೆ ಸಾಗಿದ್ದುವು. ಪಕ್ಕದಲ್ಲಿ ಸಿಪ್ಪೆಯನ್ನು ಎತ್ತುತ್ತಿದ್ದ ಹಿರಿಯರೊಬ್ಬರು ಥಟ್ಟನೆ ನನ್ನ ತೋಳನ್ನು ಹಿಡಿದೆಳೆದರು.

“ದಣಿದೆಯಾ?” ಎಂದರು. “ಇಲ್ಲ” ಎಂದೆನು.

“ದಣಿದೋನ್ಗೆ ತನ್ನ ದಣಿವು ಕಾಣಾಕಿಲ್ಲ, ಮಗ” ಎಂದು ಉಪ್ಪು ಬೆರೆಸಿದ ಮಜ್ಜಿಗೆಯನ್ನಿತ್ತು ನೆರಳಿಗೆ ಕಳುಹಿಸಿದರು. ಬೆವರು ಒಯ್ದ ನೀರನ್ನೂ ಉಪ್ಪನ್ನೂ ಅದು ಮರಳಿ ತಂದಿತು.

ಅಂದಿನಿಂದ ಅಲ್ಲಿ ಕೊಪ್ಪರಿಗೆ ತುಂಬಿದೊಡನೆ ಗಾಣದ ಆಳು ಬದಲಾಗುತ್ತಿದ್ದನು. ದಣಿವಾಯಿತೇ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ನನ್ನ ಬೆರಳುಗಳು ಇಂದು ಲೇಖನಿಗೆ ಒದಗಿರುವುದು ಆ ಹಿರಿಯರ ಕೈಯ ಉಪಕಾರ.